ಹದಿನಾಲ್ಕನೇ ಕಿಲೋಮೀಟರು

ಆನಂದಪುರದಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ
ಚೋರಡಿ ಸೇತುವೆ ಕಾಣುವ ಹೊತ್ತಿಗೆ ಇದಕ್ಕೆ ನಿಶ್ಶಕ್ತಿ.
ಆಕ್ಸಿಲರೇಟರ್ ತಿರುಚಿದಷ್ಟೂ ಹಿಂದೆ ಜಗ್ಗಿದಂತೆ
ಅರವತ್ತು, ನಲವತ್ತು, ಇಪ್ಪತ್ತೈದು,
ಎರಡು ಸಲ ಮುಕ್ಕರಿಸಿ
ಮೈಲಿಗಲ್ಲಿನ ಪಕ್ಕ ನಿಂತೇಬಿಡುತ್ತದೆ,
ಮಾತು ಮುಗಿಸದೆ ಎದ್ದುಹೋದವರ ಹಾಗೆ.

ಹಿಂದಿನ ಸೀಟಿಗೆ ಕಟ್ಟಿದ ನೀಲಿ ಪೆಟ್ಟಿಗೆಯಲ್ಲಿ
ಆರು ಜನರ ರಕ್ತ, ಐಸಿನ ನಡುವೆ.
ದರಗು ತರಲು ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡವರು,
ಜ್ವರ ಯಾವುದೆಂದು ಗೊತ್ತಾಗದೆ ಮಲಗಿದವರು.
ಐದೂವರೆಗೆ ಶಿವಮೊಗ್ಗದ ಲ್ಯಾಬು ಬಾಗಿಲು ಹಾಕುತ್ತದೆ.

ಹತ್ತು ನಿಮಿಷ ಕಾದರೆ
ಏನೂ ಆಗದವರ ಹಾಗೆ ಒಂದೇ ಕಿಕ್ಕಿಗೆ ಸ್ಟಾರ್ಟು.
ನನಗೆ ಸಿಟ್ಟು ಬರುವುದೇ ಅದಕ್ಕೆ.
ಬೋನಿಫಾಸರ ಗ್ಯಾರೇಜಿನ ಮುಂದೆ ಇದಕ್ಕೆ ರೋಗವೇ ಇಲ್ಲ,
ಡಾಕ್ಟರನ್ನು ಕಂಡು ನಗುವ ಮಗು.

ಪ್ಲಗ್ಗು ಹೊಸದು, ನೂರ ಹತ್ತು.
ಕಾರ್ಬೊರೇಟರ್ ಬಿಚ್ಚಿ ತೊಳೆದದ್ದು ಇನ್ನೂರೈವತ್ತು.
ಏರ್ ಫಿಲ್ಟರಿನಲ್ಲಿ ಇರುವೆಗೂಡು ಸಿಕ್ಕಿದ ದಿನ
ಎಲ್ಲರೂ ಚಹಾ ತರಿಸಿ ಕುಡಿದೆವು.
ಮರುದಿನ ಮತ್ತೆ ಚೋರಡಿ.
ಕಾಯಿಲ್ ಬಿಸಿಯಾಗಿ ಕೈ ಕೊಡ್ತಿದೆ ಅಂದರು ಒಬ್ಬರು.
ಪೆಟ್ರೋಲಲ್ಲಿ ನೀರು ಅಂದರು ಇನ್ನೊಬ್ಬರು.
ಹೆಂಗಸರು ಗೇರ್ ಎಳೆದು ಹಾಳು ಮಾಡ್ತಾರೆ ಅಂದ ಮತ್ತೊಬ್ಬ,
ಅವನ ಹೆಸರು ನೆನಪಿಟ್ಟಿದ್ದೇನೆ.

ಇವತ್ತು ಆ ಹತ್ತು ನಿಮಿಷಕ್ಕೆ
ಕೇಸ್‌ಶೀಟಿನ ಬೆನ್ನು ತಿರುಗಿಸಿ ಬರೆಯತೊಡಗಿದೆ,
ಮನೆಮನೆಗೆ ಹೋಗಿ ಕೇಳುವುದನ್ನೇ.
ಎಷ್ಟು ದಿನದಿಂದ? ಸಂಕ್ರಾಂತಿ ಕಳೆದ ಮೇಲೆ.
ಬಿಟ್ಟು ಬಿಟ್ಟು ಬರುತ್ತದೆಯೇ? ಹೌದು.
ಯಾವಾಗ ಹೆಚ್ಚು?
ಇಲ್ಲಿ ಪೆನ್ನು ನಿಂತಿತು.
ಟ್ಯಾಂಕ್ ತುಂಬಿದ್ದ ದಿನ ಹದಿನಾಲ್ಕಕ್ಕೇ.
ಅರ್ಧ ಇದ್ದ ದಿನ ಕುಂಸಿ ದಾಟಿ ಆಯನೂರಿನವರೆಗೂ ಬಂದಿತ್ತು.
ಉಂಡ ದಿನ ಸುಸ್ತು, ಉಪವಾಸದ ದಿನ ಲವಲವಿಕೆ.
ಇದೆಂಥ ಕಾಯಿಲೆ ಮಾರಾಯ್ತಿ?

ಎಷ್ಟು ಉಳಿದಿದೆ ನೋಡೋಣವೆಂದು
ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದೆ.

ಸ್ಸ್ಸ್

ಚೋರಡಿಯ ಗಾಳಿ, ಹೊಳೆಯದ್ದೋ ಬಿದಿರ ಮೆಳೆಯದ್ದೋ,
ಬಹಳ ಹೊತ್ತು ಬಾಗಿಲಲ್ಲಿ ನಿಂತು ಕಾದಿದ್ದಂತೆ
ಒಂದೇ ಸಲಕ್ಕೆ ಒಳನುಗ್ಗಿತು.

ಗುಂಡುಸೂಜಿಯ ತಲೆಯಷ್ಟು ತೂತು ಇರಬೇಕಾದಲ್ಲಿ
ಬೂದು ಬಣ್ಣದ ಎಂ-ಸೀಲ್.
ಅದರ ಮೇಲೆ ಹೆಬ್ಬೆಟ್ಟಿನ ಗುರುತು, ನನ್ನದೇ.
ಸಂಕ್ರಾಂತಿಯ ಮರುದಿನ ಅಕಾಲ ಮಳೆ ಹೊಡೆದಿತ್ತು.
ಟ್ಯಾಂಕಿಗೆ ನೀರಿಳಿದೀತೆಂದು ಹೆದರಿ
ಅಡುಗೆಮನೆ ನಲ್ಲಿಗೆ ತಂದದ್ದರಲ್ಲಿ ಉಳಿದ ಚೂರು
ಎಷ್ಟು ಮುತುವರ್ಜಿಯಿಂದ ಸುತ್ತಲೂ ಒತ್ತಿದ್ದೆ!
ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರಲಿಲ್ಲ,
ಗಾಳಿ ಬಾರದೆ ಪೆಟ್ರೋಲು ಇಳಿಯಲಿಲ್ಲ.
ಅಷ್ಟೇ.

ಬ್ಯಾಗಿನಲ್ಲಿ ಹೊಸ ಸೂಜಿಗಳಿದ್ದವು. ಅವು ಲೆಕ್ಕದವು.
ವೇಲಿನ ಪಿನ್ನು ತೆಗೆದು ಕೆರೆಯುತ್ತ ಕೂತೆ.
ವೇಲು ಜಾರಿ ಸೈಲೆನ್ಸರಿಗೆ ತಗುಲಿ ಮೂಲೆ ಸುಟ್ಟಿತು.
ಕಟ್ಟಿಗೆ ಹೊತ್ತ ಇಬ್ಬರು ನಿಂತು ನೋಡಿ
"ಏನ್ ಮೇಡಂ, ಬೈಕಿಗೂ ಇಂಜೆಕ್ಷನ್ನಾ?" ಅಂದರು.
ಹೂಂ ಅಂದೆ.
ನೋಯುತ್ತದೇನೋ ಎಂಬಂತೆ ಇಬ್ಬರೂ ಮುಗಿಯುವವರೆಗೆ ಕಾದರು.

ಐದು ಇಪ್ಪತ್ತೆರಡಕ್ಕೆ ಸಹಿ ಹಾಕಿಸಿಕೊಂಡೆ.
ಐಸು ಮುಕ್ಕಾಲು ನೀರಾಗಿತ್ತು.
ಸೋಮವಾರ ಬನ್ನಿ, ವರದಿಗೆ.

ಬೋನಿಫಾಸರು ಕೇಳಿ ಸ್ಪ್ಯಾನರ್ ಕೆಳಗಿಟ್ಟರು.
"ಬಂದಾಗೆಲ್ಲ ಮೊದಲು ಮುಚ್ಚಳ ತೆಗೆದು
ಪೆಟ್ರೋಲ್ ಉಂಟಾ ಅಂತ ನೋಡ್ತಿದ್ದವನು ನಾನೇ ಅಲ್ವಾ?
ಪ್ರತಿ ಸಲ ಗುಣ ಮಾಡಿ, ಆಮೇಲೆ ರೋಗ ಹುಡುಕಿದ್ದು."
ಇನ್ನೂರೈವತ್ತು ವಾಪಸು ಕೊಡಲು ಬಂದರು. ನೂರು ತಗೊಂಡೆ.

ಈಗ ಮೋಡ ಕಂಡರೆ ಮುಚ್ಚಳದ ಮೇಲೊಂದು
ಖಾಲಿ ಹಾಲಿನ ಕವರು ಹೊದಿಸುತ್ತೇನೆ,
ಸಡಿಲವಾಗಿ, ರಬ್ಬರ್ ಬ್ಯಾಂಡ್ ಇಲ್ಲದೆ.
ಹಾರಿಹೋದರೆ ಡಿಕ್ಕಿಯಲ್ಲಿ ಇನ್ನೊಂದು ಇದೆ.